ದೊಡ್ಡಮ್ಮನ ಬಿಸಿಲಿಗೆ ತೆರಿಗೆ ಉಂಟೇ?

ನನ್ನ ದೊಡ್ಡಮ್ಮನಷ್ಟು ಸಿಟ್ಟಿನ ಹೆಂಗಸು ತಾಪಿ ನದಿಯ ಎರಡೂ ದಡಗಳಲ್ಲಿ ಇರಲಿಲ್ಲ ಎಂದು ಬರೆದರೆ ಅದಕ್ಕೂ ಅವಳಿಗೆ ಸಿಟ್ಟು ಬಂದೀತು. "ತಾಪಿ ಮಾತ್ರವಾ? ಯಾಕೆ, ನರ್ಮದೆಗೆ ಎಂತ ಆಗಿದೆ?" ಎಂದು ಕೇಳಿಯಾಳು! ಹಾಲಿನವನು, ಟಿವಿಯಲ್ಲಿ ವಾರ್ತೆ ಓದುವವಳು, ಸಾಂಬಾರಿಗೆ ಬೆಲ್ಲ ಕೇಳುವ ಗಿರಾಕಿ, ಹೀಗೆ ದಿನಕ್ಕೊಬ್ಬರಿಗಾದರೂ ಬೈಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ದೊಡ್ಡಪ್ಪ ಸೂರತ್ತಿನ ಅಡಾಜಣ್‌ನಲ್ಲಿ ಉಡುಪಿ ಹೋಟೆಲು ಇಟ್ಟಿದ್ದರು. ನಾನು ಆ ಊರಲ್ಲೇ ಕೆಲಸ ಸಿಕ್ಕಿ ಅವರ ಮನೆಯಲ್ಲಿ ಉಳಿದಿದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಕಂಡರೆ ಜನ ಹೊಸ ನಮೂನೆಯ ಆಂಟೆನಾ ಎಂದುಕೊಳ್ಳುತ್ತಿದ್ದ ಕಾಲ. ಯಾವುದೋ ವಸ್ತುಪ್ರದರ್ಶನಕ್ಕೆ ಹೋದ ದೊಡ್ಡಮ್ಮ, ಮರುವಾರವೇ ಎರಡು ಬಳೆ ಮಾರಿ ಎರಡು ಪ್ಯಾನೆಲ್ ತಂದು ತಾರಸಿಯಲ್ಲಿ ಕೂರಿಸಿದಳು. ಹಗಲಿಡೀ ಅದರಿಂದ ಎಂಟು ಬ್ಯಾಟರಿ ದೀಪಗಳು ಚಾರ್ಜ್ ಆಗುತ್ತಿದ್ದವು. ಸಂಜೆ ತರಕಾರಿ, ಪಾನಿಪೂರಿ ಗಾಡಿಯವರು ಬಂದು, ದೀಪವೊಂದಕ್ಕೆ ಐದು ರೂಪಾಯಿ ಬಾಡಿಗೆ ಕೊಟ್ಟು ಒಯ್ಯುತ್ತಿದ್ದರು. ಮೋಡ ಕವಿದ ದಿನ ದೊಡ್ಡಮ್ಮ ತಾರಸಿಯಲ್ಲಿ ನಿಂತು ನೇರ ಆಕಾಶಕ್ಕೇ ಬೈಯುತ್ತಿದ್ದಳು!

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ತೆರಿಗೆಯ ಲೆಕ್ಕಪತ್ರ ಬರೆಯುವ ಗುಜರಾತಿಯೊಬ್ಬರಿದ್ದರು. ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಿದವರು ದೊಡ್ಡಮ್ಮನನ್ನು ತಮಾಷೆಗೆ ಕೇಳಿದರು: "ಮಾಸಿ, ಬಿಸಿಲಿನ ಆದಾಯಕ್ಕೆ ಟ್ಯಾಕ್ಸ್ ಕಟ್ಟಿದಿರಾ?"

ಮುಗಿಯಿತು! ಮನೆಯೊಳಗೆ ಬಂದವಳೇ ದೊಡ್ಡಮ್ಮ ಶುರು ಮಾಡಿದಳು:

"ಬಿಸಿಲಿಗೆ ಟ್ಯಾಕ್ಸಾ? ಸೂರ್ಯನನ್ನು ಇವರು ಸಾಕಿದ್ದಾ? ನಾಳೆ ಹಪ್ಪಳ ಒಣಗಿಸಿದರೂ ರಶೀದಿ ಹರಿಯುತ್ತಾರಾ?"

ದೊಡ್ಡಪ್ಪ ಪೇಪರಿನ ಹಿಂದಿನಿಂದ, "ಬಿಸಿಲಿಗಲ್ಲ ಮಾರಾಯ್ತಿ, ಬಾಡಿಗೆಗೆ" ಎಂದರು.

"ನೀವು ಸುಮ್ಮನಿರಿ! ನಿಮ್ಮ ಇಡ್ಲಿ ಹಬೆಗೆ ಟ್ಯಾಕ್ಸ್ ಹಾಕಿದಾಗ ಮಾತಾಡಿ!"

ಆ ವಾರವೇ ನನಗೆ ರಜೆ ಹಾಕಿಸಿ ತೆರಿಗೆ ಕಚೇರಿಗೆ ಎಳೆದೊಯ್ದಳು. ಅಲ್ಲಿದ್ದ ಅಧಿಕಾರಿ ನನ್ನದೇ ಪ್ರಾಯದವನು, ಪಾಪ. ಅವಳ ಗುಜರಾತಿ ಭಾಷಣವನ್ನು ಕೊನೆಯವರೆಗೂ ಕೇಳಿ, ವರ್ಷದ ಗಳಿಕೆ ಎಷ್ಟೆಂದು ವಿಚಾರಿಸಿ, ಮೆತ್ತಗೆ ಹೇಳಿದ: "ಇದು ಆದಾಯವೇ ಮಾಸಿ. ಆದರೆ ಐವತ್ತು ಸಾವಿರದ ಒಳಗಿದ್ದರೆ ತೆರಿಗೆ ಇಲ್ಲ. ನಿಮ್ಮದು ಹದಿನೈದು ಸಾವಿರವೂ ಆಗುವುದಿಲ್ಲ. ಆರಾಮಾಗಿ ಮನೆಗೆ ಹೋಗಿ."

ಗೆದ್ದೆವೆಂದು ನಾನು ಎದ್ದೆ. ದೊಡ್ಡಮ್ಮ ಏಳಲಿಲ್ಲ.

"ಅಂದರೆ ನಂದು ಲೆಕ್ಕಕ್ಕೇ ಇಲ್ಲವಾ?" ಎಂದು ನನ್ನತ್ತ ತಿರುಗಿ ಕನ್ನಡದಲ್ಲಿ ಗುಡುಗಿದಳು. "ದಿನಾ ಎಂಟು ದೀಪ ಹೊತ್ತು ನಾಲ್ಕು ಮಹಡಿ ಹತ್ತುವುದು ಯಾರು, ಇವನ ಅಜ್ಜಿಯಾ?" ಆಮೇಲೆ ಅಜ್ಜಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಗುಜರಾತಿಯಲ್ಲಿ ಹೇಳಿದಳು.

ತೆರಿಗೆ ಹಾಕಿದರೂ ಸಿಟ್ಟು, ಹಾಕದಿದ್ದರೂ ಸಿಟ್ಟು! ಇಂಥವರನ್ನು ಆ ಕಚೇರಿ ಹಿಂದೆಂದಾದರೂ ಕಂಡಿತ್ತೇ? ಆತ ಬೆವರು ಒರೆಸಿಕೊಂಡು, ಬೇಕಿದ್ದರೆ ತೆರಿಗೆ ಇಲ್ಲದೆಯೂ ಲೆಕ್ಕ ಸಲ್ಲಿಸಬಹುದು, ಅದಕ್ಕೆ ಮೊದಲು ಪ್ಯಾನ್ ಕಾರ್ಡು ಮಾಡಿಸಬೇಕು ಎಂದ. ಅರ್ಜಿಯನ್ನು ತಾನೇ ತುಂಬಲು ಕುಳಿತ.

"ಆದಾಯದ ಮೂಲ?"

"ಸೂರ್ಯ!"

ಆತ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. 'ವ್ಯಾಪಾರ' ಎಂದು ಬರೆದುಕೊಂಡ.

ಕೆಲವು ವಾರಗಳ ಮೇಲೆ ಕಾರ್ಡು ಅಂಚೆಯಲ್ಲಿ ಬಂತು. ಲಕೋಟೆ ಒಡೆದು ಕೊಟ್ಟೆ. ಫೋಟೊ ಥೇಟ್ ಪೊಲೀಸರು ಹುಡುಕುತ್ತಿರುವ ಹೆಂಗಸಿನಂತಿತ್ತು. ಇನ್ನು ಇದಕ್ಕೆ ಯಾರ ಜನ್ಮ ಜಾಲಾಡುತ್ತಾಳೋ ಎಂದು ನಾನು ಕಾದೆ. ಅವಳು ಕಾರ್ಡನ್ನು ದೂರ ಹಿಡಿದು ಓದಿದಳು, ಹತ್ತಿರ ತಂದು ಓದಿದಳು.

"ಅಪ್ಪನ ಹೆಸರು ಹಾಕಿದ್ದಾರೆ" ಎಂದಳು.

ಹೌದು. ಆ ಕಾರ್ಡಿನಲ್ಲಿ ಮದುವೆಯಾದವರಿಗೂ ತಂದೆಯ ಹೆಸರೇ. ರೇಷನ್ ಕಾರ್ಡು, ಮತದಾರರ ಪಟ್ಟಿ, ಎಲ್ಲೆಡೆಯೂ ಮೂವತ್ತೈದು ವರ್ಷ ಅವಳು ಇಂಥವರ ಹೆಂಡತಿ ಆಗಿದ್ದಳು. ಇಲ್ಲಿ ಅವಳ ಹೆಸರಿನ ಕೆಳಗೆ, ನಾನು ಹುಟ್ಟುವ ಮೊದಲೇ ತೀರಿಕೊಂಡ ನನ್ನ ಅಜ್ಜನ, ಅಂದರೆ ಅವಳ ಮತ್ತು ನನ್ನ ಅಮ್ಮನ ಅಪ್ಪನ, ಹೆಸರಿತ್ತು.

"ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ದಿನ ಅಪ್ಪ ನನ್ನ ಮುಖ ನೋಡಲಿಲ್ಲ ಮಗಾ. ಮಾಸ್ಟ್ರ ಹತ್ತಿರ ಹೇಳಿದರಂತೆ, ಇವಳು ಓದಿದ್ದರೆ ದುಡಿದು ಹೆಸರು ತರುತ್ತಿದ್ದಳು ಅಂತ."

ಕಾರ್ಡಿನ ಮೇಲೆ, ಆ ಹೆಸರಿನ ಕೆಳಗೆ, ಹೆಬ್ಬೆರಳಿಂದ ಮೆಲ್ಲನೆ ಸವರಿದಳು. ಆಮೇಲೆ, ಚಿಕ್ಕ ಹುಡುಗಿಯ ಹಾಗೆ ನನ್ನನ್ನು ಕೇಳಿದಳು: "ಇದನ್ನು ಅವರಿಗೆ ತೋರಿಸುವುದು ಹೇಗೆ?"