ನಾಲ್ಕು ಜನರ ಮಹಾಯುದ್ಧ

ಊರೆಲ್ಲ ಕೈಬಿಟ್ಟ ಆಟವನ್ನು ಹಠ ಹಿಡಿದು ಆಡ್ತಾ ಇದ್ದರೆ ನಗೆಪಾಟಲಾಗೋಕೆ ಬೇರೆ ಪ್ರಯತ್ನವೇ ಬೇಡ, ಅದು ತಾನಾಗಿ ಮನೆ ಬಾಗಿಲಿಗೆ ಬರುತ್ತೆ. ನನ್ನ ಮನೆಗೆ ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ ಬರುತ್ತೆ.

ನಾನು ಗುಂಡ್ಲುಪೇಟೆಯಲ್ಲಿ ಲೈನ್‌ಮ್ಯಾನ್. ಕಾಲೇಜು ಓದೋಕೆ ಅಂತ ಚಾಮರಾಜನಗರಕ್ಕೆ ಹೋಗಿ, ಅಲ್ಲಿನ ಒಂದು ಸೈಬರ್ ಸೆಂಟರಿನಲ್ಲಿ ಕೂತು, ಓದು ಬಿಟ್ಟು ಕಲಿತಿದ್ದು ಒಂದು ಬಂದೂಕಿನ ಆಟ. ಕಂಪ್ಯೂಟರಿನೊಳಗೆ ಒಬ್ಬರನ್ನೊಬ್ಬರು ಹುಡುಕಿ ಗುಂಡು ಹೊಡೆಯೋದು, ಸತ್ತವರು ಎದ್ದು ಬಂದು ಹೊಡೆದವರನ್ನ ಹೊಡೆಯೋದು. ಯಾರು ಮೊದಲು ಇಪ್ಪತ್ತು ಹೆಣ ಉರುಳಿಸ್ತಾರೋ ಅವರು ಗೆದ್ದರು, ಆಟ ಮುಗೀತು. ಆಗ ಜಗತ್ತಿನ ಮೂಲೆಮೂಲೆಯ ಜನ ಇದನ್ನ ಆಡ್ತಿದ್ದರು, ಒಳಗೆ ಹೋಗೋಕೆ ಜಾಗವೇ ಸಿಗ್ತಿರಲಿಲ್ಲ. ಈಗ ಬೇಕಾದಷ್ಟು ಜಾಗ ಇದೆ. ಸೈಟ್ ಮಾಡಿ ಹಂಚಬಹುದು.

ಉಳಿದ ಮಹಾವೀರರು ನಾಲ್ಕು ಜನ. ನಾನು, ಗುಂಡ್ಲುಪೇಟೆಯಲ್ಲಿ ಬೇಕರಿ ಇಟ್ಟಿರೋ ಕೇರಳದ ಚೇಟ, ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆಗಿರೋ ಒಬ್ಬ ಅಣ್ಣ, ಮತ್ತೆ ಆ ಸೈಬರ್ ಸೆಂಟರಿನ ಓನರ್ರು. ಓನರ್ರದ್ದು ಈಗ ಜೆರಾಕ್ಸ್ ಅಂಗಡಿ. ಅವರ ಅಂಗಡಿ ಮೂಲೆಯಲ್ಲಿರೋ ಹಳೇ ಕಂಪ್ಯೂಟರಿನ ಮೇಲೇ ನಮ್ಮೆಲ್ಲರ ಆಟ ನಡೆಯೋದು. ಅದು ಆಫ್ ಆದರೆ ನಾವೂ ಆಫ್. ಆಟದೊಳಗೆ ಮಾತಾಡೋ ವ್ಯವಸ್ಥೆ ಯಾವತ್ತೋ ಕೆಟ್ಟುಹೋಗಿ ಟೈಪ್ ಮಾಡೋದೊಂದೇ ಉಳಿದಿದೆ, ಅದಕ್ಕೇ ನಾವು ಫೋನಲ್ಲಿ ಕಾನ್ಫರೆನ್ಸ್ ಕಾಲ್ ಹಾಕ್ಕೊಂಡು ಬೈದಾಡ್ತೀವಿ.

ಸಂಕ್ರಾಂತಿ ಕಳೆದ ಮೇಲೆ ಓನರ್ರು ಫೋನಲ್ಲೇ ತೀರ್ಪು ಕೊಟ್ಟುಬಿಟ್ಟರು. "ನಾಲ್ಕು ಜನಕ್ಕೋಸ್ಕರ ಈ ಡಬ್ಬ ಸಾಕಕ್ಕಾಗಲ್ಲ ಕಣ್ರಲಾ. ಯುಗಾದಿ ಒಳಗೆ ಆರು ಜನ ಸೇರ್ಸಿ ಒಂದಾಟ ಪೂರ್ತಿ ಮುಗ್ಸಿ ತೋರ್ಸಿ. ಇಲ್ದಿದ್ರೆ ಇದು ಗುಜರಿಗೆ, ಆ ಜಾಗಕ್ಕೆ ಲ್ಯಾಮಿನೇಷನ್ ಮಿಷನ್ನು."

ವಾರವೆಲ್ಲ ಕಂಬ ಹತ್ತಿ ಜನರ ಹತ್ತಿರ ಬೈಸಿಕೊಳ್ಳೋನಿಗೆ ಭಾನುವಾರ ಮೂರು ಜನಕ್ಕೆ ಗುಂಡು ಹೊಡೆಯೋದೇ ನೆಮ್ಮದಿ. ಅದನ್ನೂ ಕಿತ್ತುಕೊಂಡು ಲ್ಯಾಮಿನೇಷನ್ ಮಾಡಿಬಿಡ್ತಾರಂತೆ!

ಬಂದ ಅತಿಥಿ

ಮುಂದಿನ ಭಾನುವಾರವೇ ಒಂದು ಪವಾಡ ಆಯ್ತು. ಆಟದೊಳಗೆ ಐದನೆಯವನೊಬ್ಬ ಕಾಣಿಸಿಕೊಂಡ. ಹೆಸರು ಓದೋಕೂ ಬರದ ಯಾವುದೋ ಭಾಷೆ. ಯಾವ ದೇಶದವನೋ ಏನೋ.

"ಬಂದವ್ನೆ! ಯಾರೋ ಬಂದವ್ನೆ!" ಅಂತ ಚೇಟ ಫೋನಲ್ಲಿ ಕಿರುಚಿದರು. "ಯಾರೂ ಹೊಡೀಬೇಡಿ. ಹೆದರಿ ಓಡಿಹೋದ್ರೆ ಮತ್ತೆ ಸಿಗಲ್ಲ."

ಸರಿ, ನಾಲ್ಕೂ ಜನ ಬಂದೂಕು ಕೆಳಗೆ ಮಾಡಿ ಬೀಗರನ್ನ ಎದುರುಗೊಳ್ಳೋ ಹಾಗೆ ಸಾಲಾಗಿ ನಿಂತೆವು. ನಾನು ಗೊತ್ತಿರೋ ಇಂಗ್ಲಿಷಲ್ಲಿ ಊಟ ಆಯ್ತಾ ಅಂತ ಟೈಪ್ ಮಾಡಿದೆ. ಗಾರ್ಡ್ ಅಣ್ಣ ಗೌರವಕ್ಕೆ ಅಂತ ಕೂತು ಎದ್ದು ಕೂತು ಎದ್ದು ಮಾಡಿದ. ಆ ಮನುಷ್ಯ ಒಂದು ಗಳಿಗೆ ನಮ್ಮನ್ನೇ ನೋಡಿದ. ಆಮೇಲೆ ಸಾಲಾಗಿ ನಿಂತಿದ್ದ ನಾಲ್ಕೂ ಜನಕ್ಕೆ ಸಾಲಾಗಿ ಹೊಡೆದು, ಒಂದು ಮಾತೂ ಆಡದೆ ಹೊರಟುಹೋದ.

ಚೇಟ ಫೋನಲ್ಲೇ ಸಮಾಧಾನ ಹೇಳಿದರು: "ಪಾಪ, ನಾಚಿಕೆ ಸ್ವಭಾವ ಕಾಣುತ್ತೆ. ಅಭ್ಯಾಸ ಆದ್ರೆ ಮಾತಾಡ್ತಾನೆ, ಬಿಡಿ."

ಮೊದಲು ಕೂಗು, ಆಮೇಲೆ ಗುಂಡು

ಇರೋ ನಾಲ್ಕು ಜನರಲ್ಲೂ ಗಾರ್ಡ್ ಅಣ್ಣನನ್ನ ಪೂರ್ತಿ ಆಳು ಅಂತ ಲೆಕ್ಕ ಹಾಕೋ ಹಾಗಿರಲಿಲ್ಲ. ಇಷ್ಟು ವರ್ಷ ಆಡಿ ಅವನು ಯಾರನ್ನೂ ಕೊಂದವನಲ್ಲ. ಕಾಡಂಚಿನ ಹೊಲಕ್ಕೆ ಆನೆ ಇಳಿದರೆ ಅಟ್ಟೋದು ಅವನ ಕೆಲಸ. ಮೊದಲು ಕೂಗಬೇಕು, ಆಮೇಲೆ ಪಟಾಕಿ ಹಚ್ಚಬೇಕು, ಅದಕ್ಕೂ ಜಗ್ಗದಿದ್ದರೆ ಗಾಳಿಯಲ್ಲಿ ಗುಂಡು. ಆಟದಲ್ಲೂ ಅದೇ ಕ್ರಮ. ಚೇಟ ಎದುರಿಗೆ ಬಂದರೆ ಫೋನಲ್ಲಿ "ಹೋಯ್! ಹೋ ಹೋ ಹೋಯ್!" ಅಂತ ಕೂಗೋದು, ಆಮೇಲೆ ಆಕಾಶಕ್ಕೆ ಎರಡು ಗುಂಡು ಹಾರಿಸೋದು. ಅಷ್ಟರಲ್ಲಿ ಚೇಟ ಇವನನ್ನ ಮುಗಿಸಿರ್ತಿದ್ದರು.

"ಅಣ್ಣ, ಎದುರಿಗಿರೋದು ಆನೆಯಲ್ಲ, ಬೇಕರಿ ಚೇಟ," ಅಂದೆ.

"ಯಾವ್ದಾದ್ರೇನ್ಲಾ? ಅದೂ ಒಂದು ಜೀವ. ತಿರುಗ್ಕೊಂಡು ಓಗಕ್ಕೆ ಟೈಮ್ ಕೊಡ್ಬೇಕು."

ಈ ಸಲ ಮಾತ್ರ ನಾನು ಬಿಡಲಿಲ್ಲ. "ಯುಗಾದಿ ಹತ್ರ ಬಂತು, ಆಟ ಮುಗೀಬೇಕು ಅಂದ್ರೆ ಯಾರಾದ್ರೂ ಸಾಯ್ಲೇಬೇಕು, ಒಬ್ಬನಿಗಾದ್ರೂ ಹೊಡೀ" ಅಂತ ಕಾಡಿದೆ, ಬೇಡಿದೆ. ಅವನು ಯಾವತ್ತಿನ ಹಾಗೆ ಆಕಾಶಕ್ಕೇ ಹೊಡೆದ. ನನ್ನ ಗ್ರಹಚಾರ, ಆ ಹೊತ್ತಿಗೆ ನಾನು ಮಾಳಿಗೆ ಮೇಲಿದ್ದೆ. ಗುಂಡು ತಾಗಿ ಮಗುಚಿಕೊಂಡೆ.

"ಶಭಾಷ್ ಅಣ್ಣ!" ಅಂತ ನಾನೇ ಚಪ್ಪಾಳೆ ಹೊಡೆದೆ. ಅಣ್ಣ ದನಿ ತಗ್ಗಿಸಿ ಕೇಳಿದ: "ಇದನ್ನ ಸಾಹೇಬ್ರಿಗೆ ತಿಳಿಸ್ಬೇಕೇನ್ಲಾ?"

ಕಂಬದ ಮೇಲಿನ ಕರೆ

ಆ ಅತಿಥಿ ಮತ್ತೆ ಬರಲಿಲ್ಲ. ಐದನೇ ಆಳು ಸಿಕ್ಕಿದ್ದು ಪಕ್ಕದ ಊರು ಹಂಗಳದಲ್ಲಿ, ಅದೂ ಕಂಬದ ಮೇಲಿಂದ. ಒಂದು ಭಾನುವಾರ ಆಟದ ನಡುವೆ ಹಂಗಳದಲ್ಲಿ ವೈರ್ ಕಡಿದುಹೋಗಿದೆ ಅಂತ ಕರೆ ಬಂತು. ಆಟದೊಳಗಿನ ನನ್ನ ಮನುಷ್ಯನನ್ನ ನಿಂತಲ್ಲೇ ಬಿಟ್ಟು ಬೈಕ್ ಹತ್ತಿದೆ. ಲೈನ್ ಆಫ್ ಮಾಡಿಸಿ ಕಂಬ ಹತ್ತಿ ವೈರ್ ಎಳೀತಿದ್ದೀನಿ, ಚೇಟನ ಫೋನು. ಕಂಬದ ಮೇಲೆ ಫೋನ್ ಎತ್ತಬಾರದು ಅಂತ ರೂಲ್ಸ್ ಇದೆ. ಎತ್ತಿದೆ.

"ನಿಮ್ಮ ಮನುಷ್ಯ ಬಾವಿ ಹತ್ರ ಗೂಟದ ಹಾಗೆ ನಿಂತವ್ನೆ. ಹೊಡೀಲಾ?"

"ಅಯ್ಯೋ ಹೊಡೀಬ್ಯಾಡಿ! ನಿಮ್ಮ ದಮ್ಮಯ್ಯ ಅಂತೀನಿ, ಒಂದರ್ಧ ಗಂಟೆ ಬುಟ್ಬುಡಿ. ನಾನೇ ಬತ್ತೀನಿ, ಆಮ್ಯಾಕೆ ಏನ್ ಬೇಕಾದ್ರೂ ಮಾಡ್ಕಳಿ!"

ಕೆಳಗೆ ನಿಂತಿದ್ದ ಹತ್ತು ಜನ ಮುಖ ಮುಖ ನೋಡಿಕೊಂಡರು. ನಾನು ಕಂಬ ಇಳಿಯೋದರೊಳಗೆ ಸುದ್ದಿ ಊರೆಲ್ಲ ಸುತ್ತಿತ್ತು. ಹಂಗಳ ನನ್ನ ಹೆಂಡತಿಯ ತವರು ಬೇರೆ. ಮರುದಿನ ಬೆಳಿಗ್ಗೆಯೇ ಮಾವನವರು ದೊಣ್ಣೆ ಹಿಡಿದು, ಇಬ್ಬರು ದಾಂಡಿಗರನ್ನ ಕಟ್ಟಿಕೊಂಡು ನಮ್ಮ ಮನೆಗೆ ಬಂದಿಳಿದರು.

"ಏಳಿ ಅಳಿಯಂದ್ರೇ, ಯಾವೋನವ್ನು ನಿಮ್ಮನ್ನ ಹೊಡೀತೀನಿ ಅಂದೋನು? ನಾನು ಬದುಕಿವ್ನಿ ಇನ್ನೂವೆ!"

ಬಾಯಲ್ಲಿ ಹೇಳಿದರೆ ನಂಬಲಿಲ್ಲ. ಕಂಪ್ಯೂಟರ್ ಹಾಕಿ, ಚೇಟನನ್ನೂ ಆಟಕ್ಕೆ ಕರೆದು, ನೋಡಿ ಇವರೇ ಅಂತ ತೋರಿಸಿದೆ. ಮಾವ ಥೂ ಅಂದರು. ಮಾಡಕ್ಕೆ ಕ್ಯಾಮೆ ಇಲ್ವಾ ಅಂದರು. ಆಮೇಲೆ "ಎಲ್ಲಿ, ಒಂಚೂರು ಜರುಗಿ" ಅಂದರು. ದಾಂಡಿಗರು ಜಗಲಿ ಮೇಲೆ ಉಪ್ಪಿಟ್ಟು ತಿಂದು ಮಲಗಿ, ಎದ್ದು, ಬಸ್ಸು ಹಿಡಿದು ಊರಿಗೆ ಹೋದರು.

ಸಂಜೆ ನನ್ನ ಹೆಂಡತಿ ಕಾಫಿ ತಂದು, "ಅಪ್ಪ, ಹೊಡೀತೀನಿ ಅಂದೋರು ಯಾರು ಅಂತ ಗೊತ್ತಾಯ್ತಾ?" ಅಂತ ಕೇಳಿದಳು.

ಮಾವ ಕಣ್ಣು ಕೀಳದೆ, "ಸುಮ್ಕಿರವ್ವ, ಬಾಗಿಲ ಸಂದೀಲಿ ಯಾವೋನೋ ಅವ್ನೆ" ಅಂದರು.

ಗೋಪಾಲಸ್ವಾಮಿಗೆ ಹರಕೆ

ಆರನೆಯವರು ಮಾತ್ರ ಸಿಗಲೇ ಇಲ್ಲ. ಆಫೀಸಿನ ಮೀಟರ್ ರೀಡರ್ ಒಬ್ಬ, "ಫೋನಲ್ಲಿ ಬರಲ್ವಾ ಅಣ್ಣ? ಹಂಗಾರೆ ಬುಡು" ಅಂದ. ಯುಗಾದಿ ಹತ್ತಿರ ಹತ್ತಿರ ಬರ್ತಾ ಇತ್ತು. ದಾರಿ ಕಾಣದೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬಸ್ಸು ಹತ್ತಿದೆ.

ಅಲ್ಲಿ ನನ್ನ ಮುಂದೆಯೂ ಹಿಂದೆಯೂ ನಿಂತಿದ್ದವರೆಲ್ಲ ಮಕ್ಕಳಿಲ್ಲದ ದಂಪತಿಗಳು. ಅರ್ಚಕರು ತಟ್ಟೆ ಹಿಡಿದು ಮೆಲ್ಲಗೆ ಕೇಳಿದರು: "ಏನು ಸಂಕಲ್ಪ?"

"ಮನೇಲಿ ಒಬ್ರು ಕಮ್ಮಿ ಅವ್ರೆ ಸ್ವಾಮಿ."

"ಚಿಂತೆ ಬೇಡ, ಕೃಷ್ಣ ಕೊಡ್ತಾನೆ. ಗಂಡು ಬೇಕಾ, ಹೆಣ್ಣು ಬೇಕಾ?"

"ಯಾವ್ದಾದ್ರೂ ಸರಿ ಸ್ವಾಮಿ. ಭಾನುವಾರ ಬಿಡುವಾಗಿರ್ಬೇಕು, ಅಷ್ಟೆ."

ಅರ್ಚಕರು ತೀರ್ಥವನ್ನ ನನ್ನ ಕೈಗೆ ಕೊಡೋದು ಬಿಟ್ಟು ತಲೆ ಮೇಲೆ ಹಾಕಿದರು.

ಅತ್ತೆಯವರ ಅಂಗಳ

ಯುಗಾದಿಗೆ ಮುಂಚಿನ ಕೊನೇ ಭಾನುವಾರ. ಕಾಡಿ ಬೇಡಿ ಒಪ್ಪಿಸಿದ್ದ ಆ ಮೀಟರ್ ರೀಡರು ಆಟಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಮಾಡಿ, "ಅಣ್ಣ, ಬಾಡೂಟಕ್ಕೆ ಬಂದ್ಬುಟ್ಟಿವ್ನಿ" ಅಂದ. ಸುಳ್ಳೇಕೆ, ನನ್ನ ಕಣ್ಣಲ್ಲಿ ನೀರೇ ಬಂತು.

ನನ್ನ ಹೆಂಡತಿ ನೋಡೋವಷ್ಟು ನೋಡಿ, "ಆರು ತಲೆ ಇರ್ಬೇಕು, ಅಷ್ಟೇ ತಾನೆ? ನಮ್ಮವ್ವನ್ನ ಕೂರಿಸ್ತೀನಿ" ಅಂದಳು.

ಅತ್ತೆಯವರು ಮಾವನ ಜೊತೆ ಬಾಳೆಗೊನೆ ಕೊಡೋಕೆ ಬಂದಿದ್ದರು. ಅವರು ಹಳೇ ಕಾಲದವರು. ಮದುವೆ ಆದಾಗಿನಿಂದ ಇವತ್ತಿನವರೆಗೂ ಅಳಿಯನ ಎದುರು ನಿಂತು ಮಾತಾಡಿದವರಲ್ಲ. ಏನಿದ್ದರೂ ಬಾಗಿಲ ಮರೆ, ಏನಿದ್ದರೂ ಮಗಳ ಬಾಯಿ. ಅವರನ್ನ ಒಳಗಿನ ರೂಮಿನಲ್ಲಿ ಹೆಂಡತಿಯ ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ದಾಯ್ತು. ನಡುಮನೆಯಲ್ಲಿ ನಾನು, ಪಕ್ಕದಲ್ಲಿ ಬೇಡಿ ತಂದ ಇನ್ನೊಂದು ಕಂಪ್ಯೂಟರಿನ ಮುಂದೆ ಮಾವ. ಮಿಕ್ಕವರು ಅವರವರ ಮನೆ, ಅಂಗಡಿಯಲ್ಲಿ. ಆಟ ಶುರುವಾಯ್ತು.

ಶುರುವಾಯ್ತು ಅಂದರೆ ಏನು, ಯಾರೂ ಯಾರಿಗೂ ಹೊಡೆಯಲಿಲ್ಲ. ನಾನು ಮಾವನಿಗೆ ಹೊಡೆಯೋ ಹಾಗಿಲ್ಲ. ಮಾವ ನನಗೆ ಹೊಡೆಯಲ್ಲ, ಮಗಳ ತಾಳಿ ಪ್ರಶ್ನೆ. ಚೇಟನ ಚಿಪ್ಸಿಗೆ ನೇಂದ್ರ ಬಾಳೆ ಹೋಗೋದು ಮಾವನ ತೋಟದಿಂದ, ಹಾಗಾಗಿ ಚೇಟ ನಮ್ಮ ಮನೆಯವರ ಯಾರ ತಂಟೆಗೂ ಬರಲಿಲ್ಲ. ಗಾರ್ಡ್ ಅಣ್ಣ ನನಗೆ ಹೊಡೆದ ದಿನದಿಂದ ಬಂದೂಕು ಮುಟ್ಟಿರಲಿಲ್ಲ. ಸುಮ್ಮನಿರೋ ಇವರಿಬ್ಬರಿಗೆ ಹೊಡೆಯೋಕೆ ನಮಗೂ ಮನಸ್ಸು ಬರಲಿಲ್ಲ. ಓನರ್ರು ಎಲ್ಲೋ ಅವಿತುಕೊಂಡು, "ಆಟ ಮುಗೀದಿದ್ರೆ ನಂಗೇ ಒಳ್ಳೇದು, ಮಿಷನ್ ನಾಳೇನೇ ಬತ್ತದೆ" ಅಂತ ನಗ್ತಿದ್ದರು. ಗಂಟೆ ಕಳೆದರೂ ಎಲ್ಲರ ಲೆಕ್ಕ ಸೊನ್ನೆ.

ಅತ್ತೆಯವರಿಗೆ ನಡೆಯೋಕೆ ಬರ್ತಿರಲಿಲ್ಲ. ಆಟದಲ್ಲಿ ಸತ್ತವರು ಮತ್ತೆ ಹುಟ್ಟಿ ಬರೋ ಅಂಗಳವೇ ಅವರು ಮೊದಲು ಇಳಿದ ಜಾಗ, ಅಲ್ಲೇ ಗೋಡೆಗೆ ಮುಖ ಮಾಡಿ ನಿಂತಿದ್ದರು. ದಾರಿ ತೋರಿಸೋಣ ಅಂತ ನಾನು ಪಕ್ಕಕ್ಕೆ ಹೋದೆ. ಅವರು ತಿರುಗಿದರು.

ರೂಮಿನಿಂದ ದನಿ ಬಂತು. "ಈ ಕೆಂಪು ಟೋಪಿಯವ್ನು ಯಾರವ್ವ?"

"ಅವ್ರೇ ಕಣವ್ವ, ನಿನ್ನ ಅಳಿಯಂದ್ರು."

"ಓ, ಅವ್ರಾ!"

ಢಮ್ ಅಂತು. ನಾನು ಬಿದ್ದೆ. ಬಿದ್ದವನು ಮತ್ತೆ ಹುಟ್ಟಿದೆ, ಅದೇ ಅಂಗಳದಲ್ಲಿ, ಅವರ ಮೂಗಿನ ಮುಂದೆಯೇ. ಢಮ್. ಮತ್ತೆ ಹುಟ್ಟಿದೆ. ಢಮ್. ಓಡಿಹೋಗಬಹುದಿತ್ತು. ಆದರೆ ಲೆಕ್ಕದ ಕಡೆ ಕಣ್ಣು ಹೋಯ್ತು. ಸೊನ್ನೆ ಇದ್ದದ್ದು ಮೂರಾಗಿತ್ತು! ಇಪ್ಪತ್ತಾದರೆ ಆಟ ಮುಗೀತದೆ, ಡಬ್ಬ ಉಳೀತದೆ. ಬಂದೂಕು ಕೆಳಗೆ ಮಾಡಿ ಅತ್ತೆಯವರ ಮುಂದೆ ನೆಟ್ಟಗೆ ನಿಂತುಬಿಟ್ಟೆ.

"ಒಳ್ಳೇ ಅಳಿಯ ಕಣಪ್ಪ!" ಅಂತ ಚೇಟ ಫೋನಲ್ಲಿ ಮರುಗಿದರು. ಮಾವ ಒಂದೊಂದು ಢಮ್ಮಿಗೂ ನನ್ನ ಭುಜ ಸವರಿದರು. ಒಳಗಡೆ ಮಾತ್ರ ತಾಯಿ ಮಗಳ ನಗು ತಡೆಯೋಕೇ ಆಗ್ತಿರಲಿಲ್ಲ. ಇಪ್ಪತ್ತನೇ ಸಲ ನಾನು ಬೀಳೋವಾಗ ಓನರ್ರು ಅಂಗಡಿಯಲ್ಲಿ ಬಿದ್ದು ಬಿದ್ದು ನಗ್ತಿದ್ದರು. "ಆಯ್ತು, ಒಪ್ಕಂಡೆ ಕಣ್ಲಾ! ಮಿಷನ್ ಬಾಗಿಲಾಚೆ ಇಟ್ಕತೀನಿ. ಇದನ್ನ ಮಾತ್ರ ನಿಲ್ಲಿಸ್ಬ್ಯಾಡಿ!"

ಆಟ ಉಳೀತು. ನಾನು ಕುರ್ಚಿಗೆ ಒರಗಿ ಬೆವರು ಒರೆಸಿಕೊಂಡೆ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯ್ತು.

"ಅಳಿಯಂದ್ರಿಗೇನೂ ಬೇಜಾರಾಗ್ನಿಲ್ವಾ ಕೇಳವ್ವ."

"ಇಲ್ಲ ಅಂತ ಹೇಳು," ಅಂದೆ.

"ಹಂಗಾರೆ ಬರೋ ಭಾನ್ವಾರವೂ ಬತ್ತೀನಿ. ಅಲ್ಲೇ ನಿಂತ್ಕಂಡಿರ್ಲಿ ಅಂತ ಹೇಳವ್ವ."