ಮಳೆ ಬತ್ತದಾ ಮೇಡಂ?

ಯುಗಾದಿ ಕಳೆದು ಮುಂಗಾರು ಹಿಡಿಯುವ ತನಕ ನನ್ನ ನೌಕರಿಯಲ್ಲಿ ಮಳೆಯದೊಂದು ಫಜೀತಿ ನಡೆಯದ ವಾರವೇ ಇಲ್ಲ. ನಾನು ಗ್ರಾಮ ಆಡಳಿತ ಅಧಿಕಾರಿ. ಜನರ ಬಾಯಲ್ಲಿ ಇವತ್ತಿಗೂ ಹಳೆಯ ವಿಲೇಜ್ ಅಕೌಂಟೆಂಟ್, ಅಂದರೆ ವಿ.ಎ. ಮೇಡಂ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಅಂತ ವರ್ಗವಾಗುತ್ತ ತಿರುಗಿದ್ದೇನೆ. ಜಾತಿ ಪ್ರಮಾಣಪತ್ರ, ಪಹಣಿ ಇವೆಲ್ಲ ನನಗೆ ಅರ್ಥವಾಗುವ ಕೆಲಸ. ಅರ್ಥವಾಗದ್ದು ಮಳೆಯದು. ಮೇಲಿನ ಕಚೇರಿಯಿಂದ ಫೋನಿಗೆ ಎಚ್ಚರಿಕೆ ಬರುತ್ತದೆ: ಹಳದಿ, ಕಿತ್ತಳೆ, ಕೆಂಪು. ಅದನ್ನು ನಾನು ಊರೂರಿಗೆ ಮುಟ್ಟಿಸಬೇಕು. ಮಳೆ ಬಂದರೆ ಅದು ದೇವರು ಕೊಟ್ಟದ್ದು, ಬಾರದಿದ್ದರೆ ಮೇಡಂ ಹೇಳಿದ ಸುಳ್ಳು. ಹಳ್ಳದ ದಂಡೆಯ ಮನೆಗಳಿಗೆ ನಿಜವಾಗಿಯೂ ನೀರು ನುಗ್ಗುವ ದಿನ ಯಾರೂ ನನ್ನ ಮಾತು ನಂಬದಿದ್ದರೆ ಏನು ಗತಿ ಅನ್ನುವ ಹೆದರಿಕೆ ಮಾತ್ರ ಪ್ರತಿ ಬೇಸಿಗೆಯೂ ನನ್ನ ಜೊತೆಗೇ ಇರುತ್ತದೆ.

ಸರ್ಕಾರಿ ಆಸ್ತಿ

ಮಾಗಡಿ ಕಡೆ ಒಂದು ಕಚೇರಿಯಲ್ಲಿದ್ದಾಗ ಅಂಗಳದಲ್ಲಿ ಹೊಸದಾಗಿ ಮಳೆ ಮಾಪಕ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಎಷ್ಟು ಮಳೆ ಬಿದ್ದಿದೆ ಅಂತ ಅಳೆದು ತಿಳಿಸುವುದು ನನ್ನ ಪಾಲಿಗೆ ಬಂತು. ಒಂದು ಸಂಜೆ ಬಿರುಗಾಳಿ ಮಳೆ. ಸೋಲೂರಿನ ರಸ್ತೆ ತುಂಬ ತೆಂಗಿನ ಗರಿ, ಬಸ್ಸುಗಳೆಲ್ಲ ನಿಂತಲ್ಲೇ ನಿಂತವು. ಬೆಳಿಗ್ಗೆ ಹೋಗಿ ನೋಡಿದರೆ ಮಾಪಕದಲ್ಲಿ ಸೊನ್ನೆ. ಎರಡನೇ ಮಳೆಗೂ ಸೊನ್ನೆ. ಮೂರನೆಯದಕ್ಕೂ ಸೊನ್ನೆ. ಮೇಲಿನಿಂದ ಫೋನು: "ಏನ್ರೀ, ನಿಮ್ಮ ಕಚೇರಿ ಒಂದನ್ನು ಬಿಟ್ಟು ಸುತ್ತ ಮುತ್ತ ಮಳೆ ಬೀಳುತ್ತಾ?"

ಮುಂದಿನ ಸಲ ಗುಡುಗು ಕೇಳಿದ ಕೂಡಲೇ ಹೊರಗೆ ಬಂದು ನೋಡಿದೆ. ನಮ್ಮ ಅಟೆಂಡರು, ನಿವೃತ್ತಿಗೆ ಹತ್ತಿರವಾದ ಮನುಷ್ಯ, ಬಹಳ ಜೋಪಾನದವರು, ಕೊಡೆ ಹಿಡಿದುಕೊಂಡು ಮಾಪಕದ ತಲೆಗೆ ಗೊಬ್ಬರದ ಚೀಲ ಕಟ್ಟುತ್ತಿದ್ದರು.

"ಏನ್ರೀ ಇದು!" ಅಂದೆ.

"ಹೊಸ ಸಾಮಾನು ಮೇಡಂ. ಮಳೇಲಿ ನೆಂದ್ರೆ ತುಕ್ಕು ಹಿಡಿಯಲ್ವಾ?"

"ಅದು ಮಳೆ ಅಳೆಯೋದಕ್ಕೇ ಇರೋದು ಕಣ್ರೀ!"

"ಅಳೀಲಿ ಮೇಡಂ, ಬ್ಯಾಡ ಅಂದೋರ್ಯಾರು? ಮಳೆ ನಿಂತ್ ಮ್ಯಾಕೆ ತೆಗೀತೀನಲ್ಲ."

ಒಣಹವೆ

ರಾಮನಗರದ ಹತ್ತಿರದ ಒಬ್ಬ ಮಾವಿನ ತೋಟದ ಯಜಮಾನರಿಗೆ ನನ್ನ ಮೇಲೆ ಸಿಟ್ಟಿತ್ತು. ಸಿಟ್ಟು ನ್ಯಾಯವಾದದ್ದೇ. ನಾನು ಕಿತ್ತಳೆ ಎಚ್ಚರಿಕೆ ಕಳಿಸಿದೆ ಅಂತ ಅವರು ಇನ್ನೂ ಬಲಿಯದ ಕಾಯಿಯನ್ನೇ ಮುಕ್ಕಾಲು ಪಾಲು ಅವಸರವಾಗಿ ಕೀಳಿಸಿದರು. ಆಮೇಲೆ ನಾಲ್ಕು ದಿನ ಉರಿಬಿಸಿಲು. ಮುಂದಿನ ವಾರ ನಾನು "ಒಣಹವೆ" ಅಂತ ಮೆಸೇಜು ಹಾಕಿದೆ. ಆವತ್ತೇ ಸಂಜೆ ಆಲಿಕಲ್ಲು ಸಮೇತ ಬಂದ ಮಳೆ, ಮರದಲ್ಲಿ ಉಳಿದಿದ್ದನ್ನೂ ನೆಲಕ್ಕೆ ಹಾಕಿತು. ಎದುರು ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಮರುವರ್ಷ ಅವರೇ ನಗುತ್ತ ಎದುರಾದರು. ಒಂದು ಕಾಯಿಯೂ ನಷ್ಟವಾಗಿರಲಿಲ್ಲ.

"ಹೇಗೆ ಯಜಮಾನ್ರೇ?" ಅಂದೆ.

"ನೀವು ಮಳೆ ಅಂದ್ರೆ ಸುಮ್ಕೆ ಕುಂತ್ಕತೀನಿ. ಒಣಹವೆ ಅಂದ್ರೋ, ಆಳು ಕರ್ಕಂಡ್ ಬಂದು ಕಿತ್ಬುಡ್ತೀನಿ!"

ಈ ಗುಟ್ಟು ಊರಿಗೆಲ್ಲ ಹಬ್ಬಲು ಹೆಚ್ಚು ದಿನ ಹಿಡಿಯಲಿಲ್ಲ. ಒಂದು ಬೆಳಿಗ್ಗೆ ನಾಲ್ಕು ಜನ ಹಿರಿಯರು ಕಚೇರಿಗೆ ಬಂದು ಕೈಕಟ್ಟಿ ನಿಂತರು. ಅರ್ಜಿ ಏನಾದರೂ ಇದೆಯೋ ಅಂತ ಕೇಳಿದೆ.

"ಅರ್ಜಿ ಗಿರ್ಜಿ ಇಲ್ಲ ಮೇಡಂ. ಹಿಪ್ಪುನೇರಳೆ ಸೊಪ್ಪು ಬಾಡ್ತಾ ಐತೆ. ಒಸಿ ದೊಡ್ ಮನಸ್ಸು ಮಾಡಿ, ನಾಳೆ ಒಣಹವೆ ಅಂತ ಒಂದು ಮೆಸೇಜ್ ಹಾಕ್ಬುಡಿ."

ಗ್ಯಾರಂಟಿ

ಇದು ಸಣ್ಣದು. ಚನ್ನಪಟ್ಟಣದಲ್ಲಿ ಒಂದು ಸಂಜೆ ಚರಂಡಿ ಉಕ್ಕಿ, ಗೊಂಬೆ ಮಾಡುವ ಒಬ್ಬ ಭಾಯಿಯ ಕಾರ್ಖಾನೆಗೆ ನೀರು ನುಗ್ಗಿತು. ಬಣ್ಣ ಹಾಕಿ ಸಾಲಾಗಿ ಇಟ್ಟಿದ್ದ ಮರದ ಗೊಂಬೆಗಳು ಬಾಗಿಲು ದಾಟಿ, ಗಲ್ಲಿ ದಾಟಿ, ಪಕ್ಕದ ಬೀದಿಗೆ ತೇಲಿ ಹೋದವು. ಬೆಳಿಗ್ಗೆ ನಾನು ನಷ್ಟ ಬರೆದುಕೊಳ್ಳಲು ಹೋದಾಗ ಬೀದಿಯ ಹೆಂಗಸರೆಲ್ಲ ಸೆರಗಿನಲ್ಲಿ ಗೊಂಬೆ ತುಂಬಿಕೊಂಡು ಬಂದು ಭಾಯಿಯ ಮುಂದೆ ಸುರಿಯುತ್ತಿದ್ದರು. ಒಂದೊಂದಕ್ಕೂ ಕೆಸರು ಮೆತ್ತಿತ್ತು. ನಾನು ಪುಸ್ತಕ ತೆಗೆದು ಕೂತೆ.

"ಎಷ್ಟು ಹಾಳಾಯ್ತು ಭಾಯಿ?"

ಅವರು ಒಂದು ಗೊಂಬೆಯನ್ನು ಲುಂಗಿಗೆ ಒರೆಸಿ ಬಿಸಿಲಿಗೆ ಹಿಡಿದರು. ಕೆಂಪು ಬಣ್ಣ ಫಳಫಳ ಅಂತಿತ್ತು. "ಹಾಳೇನಿಲ್ಲ ಮೇಡಂ. ಬಣ್ಣ ಹೋಗ್ತದಾ ಅಂತ ಗಿರಾಕಿಗಳು ದಿನಾ ತಲೆ ತಿಂತಿದ್ರು. ಇನ್ಮೇಲೆ ಚರಂಡೀಲೇ ಟೆಸ್ಟ್ ಆಗಿದೆ ಅಂತ ಹೇಳ್ತೀನಿ."

ಕೆಂಪು

ನಾನು ಹೆದರುತ್ತಿದ್ದ ದಿನ ಕನಕಪುರ ಕಡೆ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಕೆಂಪು ಎಚ್ಚರಿಕೆ: ಹಳ್ಳದ ದಂಡೆಯವರನ್ನು ಕೂಡಲೇ ಎತ್ತರದ ಶಾಲೆಗೆ ಸಾಗಿಸಿ. ಆಕಾಶ ನೋಡಿದರೆ ಒಂದು ಚೂರು ಮೋಡ ಇಲ್ಲ. ದಂಡೆಯ ಮೇಲಿದ್ದದ್ದು ಒಂದೇ ಮನೆ. ಅಜ್ಜಿ, ಮಗ, ಸೊಸೆ. ರೇಷ್ಮೆ ಸಾಕುವವರು. ಅಂದೇ ಬೆಳಿಗ್ಗೆ ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ಅನ್ನುವ ಬಿದಿರಿನ ದೊಡ್ಡ ತಟ್ಟಿಗಳ ಮೇಲೆ ಬಿಟ್ಟಿದ್ದರು. ಒಂದು ತಿಂಗಳ ದುಡಿಮೆಯೆಲ್ಲ ಆ ಚಂದ್ರಿಕೆಗಳ ಮೇಲಿತ್ತು.

"ಈಗ ಅಲ್ಲಾಡಿಸಂಗಿಲ್ಲ ಕಣವ್ವ," ಅಂದರು ಅಜ್ಜಿ.

"ಮನೆಗೆ ನೀರು ನುಗ್ಗಿದ್ರೆ ಏನಜ್ಜಿ ಮಾಡ್ತೀರ?"

"ಹೇಳಿರೋಳು ನೀನು ತಾನೆ? ನುಗ್ಗಲ್ಲ ಬುಡು."

ಗೋಗರೆದೆ, ಗದರಿಸಿದೆ, ಕೊನೆಗೆ ಜಗಲಿಯ ಮೇಲೆ ಕೂತೇಬಿಟ್ಟೆ. ಮೂರು ಗಂಟೆಗೆ ಮೇಲಿನ ಬೆಟ್ಟದ ಕಡೆ ಕಪ್ಪಿಟ್ಟಿತು. ನಮ್ಮಲ್ಲಿ ಹನಿ ಬೀಳುವ ಮುಂಚೆಯೇ ಹಳ್ಳ ಕೆಂಪಗೆ ಉಕ್ಕಿ ಅಂಗಳಕ್ಕೆ ಬಂತು. ನಾನು ಕರೆಸಿದ್ದ ಇಬ್ಬರು ಹೋಂಗಾರ್ಡುಗಳು ಹಗ್ಗ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಬಾಗಿಲಿಗೆ ಬಂದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ಚೊಂಬು.

"ಎಲ್ಲೆಲ್ಲಿ ತುಳ್ಕಂಡ್ ಬಂದಿದ್ದೀರೋ ಏನೋ. ಕಾಲು ತೊಳ್ಕಂಡು ಒಳಕ್ಕೆ ಬನ್ನಿ. ಹುಳಕ್ಕೆ ರೋಗ ಬತ್ತದೆ."

"ಅಜ್ಜಿ, ನಾನು ನೀರಲ್ಲೇ ನಿಂತಿವ್ನಿ!" ಅಂದ ಮುಂದಿದ್ದ ಹೋಂಗಾರ್ಡು.

"ಅದು ಹಳ್ಳದ ನೀರು. ಈ ನೀರಲ್ಲಿ ತೊಳ್ಕಾ."

ಪಾಪ, ಅವನು ಬಲಗಾಲು ಎತ್ತಿ ತೊಳೆದ. ಎಡಗಾಲು ಎತ್ತಲು ಬಲಗಾಲನ್ನು ಮತ್ತೆ ಕೆಸರಿಗೆ ಇಳಿಸಿದ. "ಆ ಕಾಲು ಇನ್ನೊಂದ್ಸಲ," ಅಂದರು ಅಜ್ಜಿ. ಆ ಹೆದರಿಕೆಯಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಮಗನೇ ಅವನನ್ನು ಎತ್ತಿ ಹೊಸಿಲ ಒಳಗಿಟ್ಟ.

ಚಂದ್ರಿಕೆ ಬಿಟ್ಟು ಅಜ್ಜಿ ಬರುವುದಿಲ್ಲ, ಅಜ್ಜಿಯನ್ನು ಬಿಟ್ಟು ಮಗ ಸೊಸೆ ಬರುವುದಿಲ್ಲ. ಸರಿ, ಮೊದಲು ಹುಳವೇ ಹೊರಡಲಿ ಅಂದೆ. ಊರಿನವರೂ ನೀರಿಗಿಳಿದರು. ಮದುವೆ ದಿಬ್ಬಣದ ಹಾಗೆ ತಲೆಯ ಮೇಲೆ ಚಂದ್ರಿಕೆ ಹೊತ್ತು ಸಾಲಾಗಿ ಶಾಲೆಯ ದಿಬ್ಬ ಹತ್ತಿದರು. ಎಲ್ಲಕ್ಕಿಂತ ಕೊನೆಗೆ ಹೋಂಗಾರ್ಡಿನ ಹೆಗಲ ಮೇಲೆ ಕೂತು ಅಜ್ಜಿ ಬಂದರು. ಹಿಂದೆಯೇ ನೀರು ಕಿಟಕಿಯ ಮಟ್ಟ ಮುಟ್ಟಿತು. ನಾನು ಶಾಲೆಯ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತೆ. ಅಜ್ಜಿ ಪಕ್ಕದಲ್ಲಿ ಕೂತು ನನ್ನ ಬೆನ್ನು ಸವರಿದರು.

ಅಷ್ಟರಲ್ಲಿ ಮೇಲಿನ ಸಾಹೇಬರ ಫೋನು. ಕೈಯೆಲ್ಲ ಒದ್ದೆ, ಸ್ಪೀಕರಿಗೆ ಹಾಕಿದೆ.

"ಎಷ್ಟು ಸಾಗಿಸಿದ್ರಿ?"

ನಾನು ಮೂಗು ಒರೆಸಿಕೊಳ್ಳುವುದರಲ್ಲಿ ಅಜ್ಜಿಯೇ ಬಗ್ಗಿ ಹೇಳಿದರು: "ನಲವತ್ ಸಾವ್ರ ಕಣಪ್ಪ. ಒಂದೂ ಸತ್ತಿಲ್ಲ."

"ನಲವತ್ತು ಸಾವಿರಾನಾ! ಎಲ್ಲಿಟ್ಟಿದ್ದೀರ?"

"ಇಸ್ಕೂಲ್ನಲ್ಲಿ. ಒಂದೇ ರೂಮು."

"ಅಯ್ಯೋ ದೇವರೇ! ಊಟಕ್ಕೆ?"

"ಬೆಳಿಗ್ಗಿಂದ ಏನೂ ತಿಂದಿಲ್ಲ. ಇನ್ನು ತಿನ್ನೋದೂ ಇಲ್ಲ."

"ಸಾರ್, ಸಾರ್, ಅದು ಹುಳ..." ಅಂತ ನಾನು ಕೂಗುವಷ್ಟರಲ್ಲಿ ನೆಟ್‌ವರ್ಕೇ ಹೋಯಿತು.

ಮುಕ್ಕಾಲು ಗಂಟೆಯಲ್ಲಿ ಸಾಹೇಬರ ಜೀಪು ಬಂತು. ಹಿಂದೆ ಎರಡು ಆಂಬುಲೆನ್ಸು, ಅನ್ನದ ಡಬರಿ ಹೊತ್ತ ಒಂದು ಲಾರಿ. ಡಾಕ್ಟರು ಗ್ಲೂಕೋಸ್ ಬಾಟಲಿ ಹಿಡಿದು ಓಡೋಡಿ ಬಂದು, "ತುಂಬಾ ನಿತ್ರಾಣ ಆದವರು ಎಲ್ಲಿ?" ಅಂತ ಕೇಳಿದರು.

ಅಜ್ಜಿ ಬಾಟಲಿಯನ್ನೊಮ್ಮೆ, ಡಾಕ್ಟರನ್ನೊಮ್ಮೆ ನೋಡಿ, ತರಗತಿಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡರು.

"ಗೂಡು ಕಟ್ಟೋ ಹೊತ್ನಲ್ಲಿ ಅವಕ್ಕೆ ಏನೂ ಕೊಡಂಗಿಲ್ಲ ಕಣಪ್ಪ. ನೀನೇ ಕುಡ್ಕಂಡು ಸುಧಾರಿಸ್ಕ, ಓಡ್ಕಂಡ್ ಬಂದಿದ್ದೀಯ."