ಹಿಮಾಲಯಕ್ಕೊಂದು ಗೇಟ್ ಪಾಸ್

"ಹಿಮಾಲಯ ಅಂದ್ರೆ ಏನು ಮಹಾ! ಒಂದಿಷ್ಟು ಕಲ್ಲು, ಒಂದಿಷ್ಟು ಮಣ್ಣು, ಮೇಲೆ ಐಸು. ಒಂಬತ್ತೇ ದಿನ. ನಡೆದು ಬಿಸಾಕಿ ಬರ್ತೀನಿ!"

ಹೀಗಂತ ನರಸಿಂಹಯ್ಯ ಡಂಗುರ ಹೊಡೆದದ್ದು ಯಾವ ಯುದ್ಧಭೂಮಿಯಲ್ಲೂ ಅಲ್ಲ. ರಾಜಗೋಪಾಲನಗರದಲ್ಲಿ, ತನ್ನ ಮನೆ ಬಾಗಿಲ ಮೆಟ್ಟಿಲ ಮೇಲೆ, ಪಟಾಪಟಿ ಚಡ್ಡಿ ಹಾಕ್ಕೊಂಡು ಬೋಸಿ ತುಂಬಾ ಅವರೆಕಾಳು ಹಿದುಕ್ತಾ ಕೂತಿದ್ದಾಗ.

ಹೆಂಡತಿ ಪದ್ಮಾವತಿ ಅಡಿಗೆಮನೆಯಿಂದಲೇ ಬಾಣ ಬಿಟ್ಟಳು. "ಮೊದ್ಲು ಆ ಬೋಸಿ ಮುಗ್ಸಿ. ಕೂತಲ್ಲೇ ಸೊಂಟ ಹಿಡ್ಕೊಂತು ಅಂತ ಆಗ್ಲೇ ಎರಡು ಸಲ ಎದ್ರಿ. ಹಿಮಾಲಯದಲ್ಲಿ ಅಮೃತಾಂಜನ ಯಾರು ತಿಕ್ತಾರೆ, ಕರಡೀನಾ?"

ನರಸಿಂಹಯ್ಯ ಜಗ್ಗಲಿಲ್ಲ. ಅವನೇನು ಸಾಮಾನ್ಯನಾ? ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಸ್ಟೋರ್ಸ್ ಇನ್‌ಚಾರ್ಜ್! ಅಲ್ಲಿ ಯಜಮಾನ ಹೆಸರಿಗೆ ಅಂಬರೀಶ್, ಆಳ್ವಿಕೆ ಮಾತ್ರ ನರಸಿಂಹಯ್ಯಂದು. ಗೇಟ್ ಪಾಸ್ ಇಲ್ಲದೆ ಆ ಕಾರ್ಖಾನೆಯಿಂದ ನೊಣ ಕೂಡ ಆಚೆ ಹಾರಬೇಕಾದರೆ ಯೋಚನೆ ಮಾಡಬೇಕಿತ್ತು. ಎರಡು ಪುಸ್ತಕ ಇಟ್ಟಿದ್ದ. ಬಿಳಿ ಪುಸ್ತಕ ಹೋದರೆ ಹೋಯಿತು ಅನ್ನೋ ವಸ್ತುಗಳಿಗೆ. ಹಳದಿ ಪುಸ್ತಕ ರಿಪೇರಿಗೆ ಗಿಪೇರಿಗೆ ಹೋಗಿ ವಾಪಸ್ ಬರಲೇಬೇಕಾದ ವಸ್ತುಗಳಿಗೆ. ವಾಪಸ್ ಬಂದಾಗ ತೂಕ ಹಾಕಲೇಬೇಕು, ತೂಕ ಕಮ್ಮಿ ಇದ್ದರೆ ಒಳಗೆ ಬಿಡೋ ಹಾಗಿಲ್ಲ. ಇನ್ನೊಂದು: ವಸ್ತು ಒಯ್ಯೋನು ತನ್ನ ಪಾಸಿಗೆ ತಾನೇ ಸೈನ್ ಹಾಕೋ ಹಾಗಿಲ್ಲ. ಇದನ್ನೆಲ್ಲ ಗೇಟಿನ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ, ಆಂಜನೇಯನ ಗುಡೀಲಿ ಶ್ಲೋಕ ಬರೆಸಿದ ಹಾಗೆ ಬರೆಸಿದ್ದ.

ಹೋದ ವರ್ಷ ಯಜಮಾನ ಅಂಬರೀಶೇ ಆಫೀಸಿನ ಟೇಬಲ್ ಫ್ಯಾನನ್ನು ರಿಪೇರಿಗೆ ಅಂತ ಕಾರಲ್ಲಿಟ್ಟುಕೊಂಡು ಹೊರಟಿದ್ದ. ಗೇಟ್ ಕಾಯೋ ಭರಮಪ್ಪ ಕೈ ಅಡ್ಡ ಹಾಕಿದ. ನರಸಿಂಹಯ್ಯ ನಿಧಾನವಾಗಿ ಬಂದು, ಕನ್ನಡಕ ಒರೆಸಿಕೊಂಡು, ಫ್ಯಾನನ್ನು ತೂಕ ಹಾಕಿ, ಹಳದಿ ಪುಸ್ತಕದಲ್ಲಿ ಬರೆದು ಕಳಿಸಿದ. ಅಷ್ಟೊತ್ತೂ ಯಜಮಾನ ಬಿಸಿಲಲ್ಲಿ ಬೇಯುತ್ತಾ ನಿಂತಿದ್ದ. ಫ್ಯಾನು ವಾಪಸ್ ಬಂದಾಗ ಮುಂದಿನ ಜಾಲರಿ ಇರಲಿಲ್ಲ. "ತೂಕ ಕಮ್ಮಿ ಸಾರ್, ಒಳಗೆ ಬಿಡಕ್ಕಾಗಲ್ಲ" ಅಂದ ನರಸಿಂಹಯ್ಯ. ಯಜಮಾನ ಜಾಲರಿ ಹುಡುಕಿಕೊಂಡು ವಾಪಸ್ ಹೋದ! ಈ ಕಥೆಯನ್ನು ನರಸಿಂಹಯ್ಯ ಕಂಡವರ ಮದುವೆ, ನಾಮಕರಣ, ತಿಥಿಗಳಲ್ಲೆಲ್ಲ ಬಡಿಸಿದ್ದ. ಭರಮಪ್ಪನ ಬೆನ್ನು ತಟ್ಟಿ ಹೇಳಿದ್ದ: "ನೋಡಪ್ಪ, ನಾಳೆ ನಾನೇ ಬಂದ್ರೂ ಚೀಲ ತೆಗೆಸು. ನನ್ನ ಮುಖ ನೋಡ್ಬೇಡ."

ಇಂಥ ಮಹಾಪುರುಷ ಹಿಮಾಲಯಕ್ಕೆ ಹೊರಟಿದ್ದಕ್ಕೆ ಕಾರಣ ಫೋನಿನಲ್ಲಿ ಬಂದ ಒಂದು ವಿಡಿಯೋ. ಬೆನ್ನಿಗೆ ಚೀಲ ಹೊತ್ತವರು ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ಸಾಲಾಗಿ ನಡೀತಿದ್ದರು. ಆಚೀಚೆ ಬಿಳೀ ಬೆಟ್ಟ. ನರಸಿಂಹಯ್ಯ ಹುಟ್ಟಿದಾಗಿನಿಂದ ಹಿಮ ಅಂತ ಕಂಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೆ ಅವರನ್ನು ಕರ್ಕೊಂಡು ಹೋಗೋ ತಂಡದವರು ಅರವತ್ತು ತುಂಬಿದವರನ್ನು ಸೇರಿಸ್ಕೊಳ್ಳಲ್ಲ. ನರಸಿಂಹಯ್ಯನಿಗೆ ಈ ಕಾರ್ತೀಕಕ್ಕೆ ಅರವತ್ತು. ಈ ಬೇಸಿಗೆ ತಪ್ಪಿದರೆ ಜೀವಮಾನವೆಲ್ಲ ಫ್ರಿಜ್ಜೇ ಗತಿ!

ಸರಿ, ಅನುಮತಿಗಳ ಪರ್ವ ಶುರುವಾಯಿತು. ಮಗಳು ಪ್ರಿಯಾಂಕಾ ಲ್ಯಾಪ್‌ಟಾಪ್ ತೆಗೆದು ಕೂತಳು. ಅರಣ್ಯ ಇಲಾಖೆಯ ಅನುಮತಿಗೆ ಓಟಿಪಿ ಬಂದಿದ್ದು ಪದ್ಮಾವತಿಯ ಫೋನಿಗೆ. ಪದ್ಮಾವತಿ ಆ ಫೋನಿನಲ್ಲಿ ಅತ್ತಿಬೆಲೆಯ ಅಕ್ಕನ ಜೊತೆ ಮಾತಾಡ್ತಿದ್ದಳು.

"ಲೇ ಪದ್ಮಾ, ಓಟಿಪಿ ಹೇಳೇ, ಟೈಮ್ ಆಗೋಯ್ತದೆ!"

"ತಡೀರಿ, ಅಕ್ಕನ ಸೊಸೆ ವಿಷಯ ಬಂದೈತೆ."

ಅಕ್ಕನ ಸೊಸೆ ವಿಷಯ ಮುಗಿಯೋದ್ರೊಳಗೆ ಆರು ಓಟಿಪಿ ಸತ್ತವು. ಏಳನೆಯದು ಬಂದಾಗ ಸೊಸೆ ತವರಿಗೆ ಹೋಗಿದ್ದಳಂತೆ, ಅದರಿಂದ ಅರಣ್ಯ ಇಲಾಖೆಯ ಬಾಗಿಲು ತೆಗೀತು.

"ಅಪ್ಪಾ, ಇದಕ್ಕೆ ಮುಂಚೆ ಯಾವ ಬೆಟ್ಟ ಹತ್ತಿದ್ದೀರಾ ಅಂತ ಕೇಳ್ತಿದೆ."

"ಬರೀ, ಶಿವಗಂಗೆ!"

"ಅರ್ಧ ಶಿವಗಂಗೆ ಅಂತ ಬರೀ" ಅಂತ ಒಳಗಿಂದ ಧ್ವನಿ ಬಂತು. "ಮಧ್ಯದಲ್ಲಿ ಕೂತು ನಾಲ್ಕು ಲೋಟ ಮಜ್ಜಿಗೆ ಕುಡಿದು, ದೇವರಿಗೆ ಅಲ್ಲಿಂದಾನೇ ಕೈ ಮುಗಿದು ಇಳಿದ್ರಲ್ಲ!"

ಆ ದಾರಿ ಗಡಿ ಹತ್ತಿರ ಹೋಗುತ್ತೆ, ಅದಕ್ಕೆ ಇನ್ನೊಂದು ಅನುಮತಿ. ಗಡಿ ಪ್ರದೇಶಕ್ಕೆ ಹೋಗೋ ಉದ್ದೇಶ ಏನು ಅಂತ ಕೇಳಿದ್ದರು. ನರಸಿಂಹಯ್ಯ ಎದೆಯುಬ್ಬಿಸಿ, "ಎಲ್ಲ ಸರಿಯಾಗಿ ಇದೆಯೋ ಇಲ್ವೋ ಪರಿಶೀಲಿಸೋಕೆ ಅಂತ ಬರೀ" ಅಂದ. ಪ್ರಿಯಾಂಕಾ ಅಪ್ಪನ ಮುಖ ಒಂದು ಸಲ ನೋಡಿ 'ಪ್ರವಾಸ' ಅಂತ ಬರೆದಳು. ದೇಶ ಉಳೀತು.

ಎರಡೂ ಅನುಮತಿ ಬಂದವು. ಪದ್ಮಾವತಿ ಅವನ್ನು ದೇವರ ಮುಂದೆ ಇಟ್ಟು, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿದಳು. ಉಳಿದಿದ್ದು ಎರಡೇ: ಡಾಕ್ಟರ ಸರ್ಟಿಫಿಕೇಟು, ಯಜಮಾನನ ರಜೆ. ರಜಾ ಅರ್ಜಿ ಅಂಬರೀಶನ ಟೇಬಲ್ ಮೇಲೆ ವಾರದಿಂದ ಬಿದ್ದಿತ್ತು. ಅವನು ಅದನ್ನು ನೋಡ್ತಿದ್ದ, ಫ್ಯಾನ್ ನೋಡ್ತಿದ್ದ, ಸೈನ್ ಮಾತ್ರ ಹಾಕ್ತಿರಲಿಲ್ಲ.

ಡಾಕ್ಟರು ನರಸಿಂಹಯ್ಯನ ಎದೆ ಬಡಿತ ಕೇಳಿ, ಹೊಟ್ಟೆ ನೋಡಿ, ನಿಟ್ಟುಸಿರು ಬಿಟ್ಟರು. "ಹತ್ತು ಕೇಜಿ ಬೆನ್ನಿಗೆ ಹಾಕ್ಕೊಂಡು ಒಂದು ತಿಂಗಳು ದಿನಾ ನಡೀರಿ. ಆಮೇಲೆ ಬನ್ನಿ, ಉಸಿರಿದ್ದರೆ ಸೈನ್ ಹಾಕ್ತೀನಿ."

ಮನೆಯಲ್ಲಿ ತೂಕದ ವಸ್ತು ಅಂದರೆ ರಾಗಿ. ಹತ್ತು ಕೇಜಿ ರಾಗಿಯನ್ನು ಹೊಸ ಚೀಲಕ್ಕೆ ತುಂಬಿಕೊಂಡು ಬೆಳಿಗ್ಗೆ ಹೊರಟ. ಎದೆ ಸೆಟೆಸಿ, ಕೋಲು ಊರಿ, ಥೇಟ್ ವಿಡಿಯೋದವರ ಹಾಗೆ! ಎರಡು ಬೀದಿ ದಾಟಿದಾಗ ಜನ ಎಲ್ಲ ತಿರುಗಿ ತಿರುಗಿ ನೋಡ್ತಿದ್ದರು. 'ನೋಡ್ಲಿ, ನೋಡ್ಲಿ' ಅಂತ ಇನ್ನೂ ಸೆಟೆದ. ನಾಲ್ಕನೇ ಬೀದೀಲಿ ಹಿಂದೆ ಏನೋ ಗುಟುರು ಗುಟುರು ಸದ್ದು. ತಿರುಗಿ ನೋಡ್ತಾನೆ, ಪೀಣ್ಯದ ಅಷ್ಟೂ ಪಾರಿವಾಳ ಮೆರವಣಿಗೆ ಹೊರಟಿದ್ದಾವೆ! ಮನೇಲಿ ಇಲಿ ಕಡಿದ ಚೀಲದ ತಳದಿಂದ ರಾಗಿ ಧಾರೆಯಾಗಿ ಸುರೀತಿತ್ತು.

ಮನೆಗೆ ಬಂದಾಗ ಚೀಲದಲ್ಲಿ ಉಳಿದಿದ್ದು ಒಂದು ಮುದ್ದೆಗೂ ಸಾಲದಷ್ಟು. ಪದ್ಮಾವತಿ ಸೌಟು ಹಿಡಿದು ಬಾಗಿಲಲ್ಲಿ ನಿಂತಳು.

"ಇನ್ಮೇಲೆ ನನ್ನ ಅಡಿಗೆಮನೆಯಿಂದ ಒಂದು ಕಾಳು ಆಚೆ ಹೋಗಬಾರದು. ಕೇಳ್ತಾ? ಒಂದು ಕಾಳು!"

ಚೀಲದ ತಳಕ್ಕೆ ತೇಪೆ ಬಿತ್ತು. ಆದರೆ ತುಂಬೋದೇನು? ಕಲ್ಲು ತುಂಬಿದರೆ ಬೆನ್ನಿಗೆ ಒತ್ತುತ್ತೆ, ಪುಸ್ತಕ ತುಂಬೋಣ ಅಂದರೆ ಮನೇಲಿರೋದು ಪಂಚಾಂಗ ಒಂದೇ. ಅಷ್ಟೊತ್ತಿಗೆ ನರಸಿಂಹಯ್ಯನ ತಲೇಲಿ ಮಿಂಚು ಹೊಡೀತು. ಸ್ಟೋರ್ಸಿನ ಮೂಲೆಯಲ್ಲಿ ರಿಜೆಕ್ಟ್ ಆದ ಕಬ್ಬಿಣದ ಎರಕದ ತುಂಡುಗಳ ರಾಶಿ! ಒಂದೊಂದೂ ಎರಡೂವರೆ ಕೇಜಿ. ನಾಲ್ಕು ಹಾಕಿದರೆ ಡಾಕ್ಟರು ಹೇಳಿದಷ್ಟೇ! ಸಂಜೆ ಹೊತ್ಕೊಂಡು ಮನೆಗೆ ನಡೆಯೋದು, ಬೆಳಿಗ್ಗೆ ಹೊತ್ಕೊಂಡು ವಾಪಸ್ ಬರೋದು. ಕಾರ್ಖಾನೆಗೂ ನಷ್ಟ ಇಲ್ಲ, ರಾಗಿಗೂ ಇಲ್ಲ.

ಅವತ್ತು ಸಂಜೆ ನಾಲ್ಕು ತುಂಡನ್ನೂ ಟವೆಲ್ಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಬೆನ್ನಿಗೇರಿಸಿ ಹೊರಟ. ಶಿಫ್ಟ್ ಬಿಟ್ಟ ಹೊತ್ತು. ಗೇಟಿನ ಹತ್ತಿರ ನೂರು ಜನ.

ಭರಮಪ್ಪನ ಕೈ ಅಡ್ಡ ಬಂತು.

"ಚೀಲ ತಗೀರಿ ಸರ."

"ನಾನು ಕಣಯ್ಯ!"

"ಗೊತ್ತೈತ್ರಿ ಸರ. ನಾನ ಬಂದ್ರೂ ತಗಸು, ಮುಖ ನೋಡಬ್ಯಾಡ ಅಂತ ನೀವ ಹೇಳೀರಿ. ನಾನು ಮುಖ ನೋಡಾಕ್ಹತ್ತಿಲ್ರಿ, ಚೀಲ ಅಷ್ಟ ನೋಡಾಕ್ಹತ್ತೀನಿ."

ಚೀಲ ಟೇಬಲ್ ಮೇಲೆ ಕೂತಿತು. 'ಢಣ್' ಅಂತ ಸದ್ದು. ನೂರು ಜನ ಒಟ್ಟಿಗೆ ಕತ್ತು ಉದ್ದ ಮಾಡಿದರು. ಭರಮಪ್ಪ ಟವೆಲ್ ಬಿಚ್ಚಿದ, ಮಗುವಿನ ಬಟ್ಟೆ ಬಿಚ್ಚಿದ ಹಾಗೆ ಜೋಪಾನವಾಗಿ. ಒಳಗೆ ಕರೀ ಕಬ್ಬಿಣ.

"ಇದು... ನನ್ನ ಬೆಟ್ಟ ಹತ್ತೋ ಅಭ್ಯಾಸಕ್ಕೆ!" ಅಂದ ನರಸಿಂಹಯ್ಯ.

ಹಿಂದಿನಿಂದ ಯಾರೋ ಕೂಗಿದರು. "ಯಾವ ಬೆಟ್ಟ ಸಾರ್, ಗುಜರಿ ಅಂಗಡಿ ಬೆಟ್ಟನಾ?"

ನಗು ಗೇಟಿಂದ ಮೈನ್ ರೋಡಿನವರೆಗೂ ಹೋಯಿತು. ನರಸಿಂಹಯ್ಯನ ಕಿವಿ ಕೆಂಪಾಯಿತು. ಇಷ್ಟು ವರ್ಷ ಒಂದು ಮೊಳೆ ಕದೀದ ಮನುಷ್ಯ! "ಈಗ್ಲೇ ಪಾಸ್ ಬರ್ಕೊಂಡು ಬರ್ತೀನಿ" ಅಂತ ಸ್ಟೋರ್ಸಿನ ಕಡೆ ಓಡಿದ. ಹಳದಿ ಪುಸ್ತಕ ತಂದ, ಬರೆದ, ಸೈನ್ ಹಾಕೋಕೆ ಪೆನ್ನು ಊರಿದ. ಭರಮಪ್ಪ ಗೋಡೆ ಕಡೆ ಬೆರಳು ತೋರಿಸಿದ. 'ವಸ್ತು ಒಯ್ಯುವವರು ತಮ್ಮ ಪಾಸಿಗೆ ತಾವೇ ಸಹಿ ಹಾಕತಕ್ಕದ್ದಲ್ಲ.' ಅಕ್ಷರ ಒಂದೊಂದೂ ಗೇಣುದ್ದ!

ಕೊನೆ ಅಸ್ತ್ರ ಒಂದಿತ್ತು. ಮನೆಗೆ ಫೋನ್ ಮಾಡಿದ. "ಪದ್ಮಾ, ದೇವರ ಮುಂದಿರೋ ಪರ್ಮಿಷನ್ ಎಲ್ಲಾ ತಗೊಂಡು ಆಟೋದಲ್ಲಿ ಗೇಟಿನ ಹತ್ತಿರ ಬಾ. ಮಾನ ಹೋಗ್ತಿದೆ!"

ಪದ್ಮಾವತಿ ಏದುಸಿರು ಬಿಡ್ತಾ ಬಂದಳು. ಭರಮಪ್ಪ ಅರಿಶಿನ ಕುಂಕುಮದ ಹಾಳೆಗಳನ್ನು ಮೊದಲು ಕಣ್ಣಿಗೊತ್ತಿಕೊಂಡ, ಆಮೇಲೆ ಒಂದೊಂದಾಗಿ ನೋಡಿದ.

"ಇದು ಕಾಡಿಗೆ ಹೋಗಾಕ. ಇದು ದೇಶದ ಗಡಿಗೆ ಹೋಗಾಕ. ಎಲ್ಲಾ ಛಲೋ ಐತ್ರಿ ಸರ. ಈ ಗೇಟ್ ದಾಟಾಕ ಏನೈತ್ರಿ?"

ಅಷ್ಟರಲ್ಲಿ ಯಜಮಾನನ ಕಾರು ಬಂದು ನಿಂತಿತು. ನರಸಿಂಹಯ್ಯನ ಕಣ್ಣ ಮುಂದೆ ರಜಾ ಅರ್ಜಿ ಬಂತು, ಬಿಳೀ ಬೆಟ್ಟ ಬಂತು, ಫ್ರಿಜ್ಜೂ ಬಂತು. ಮುಗೀತು! ರಜೆ ಇರ್ಲಿ, ಕೆಲಸ ಉಳಿದರೆ ಸಾಕು.

ಅಂಬರೀಶ್ ಇಳಿದು ಬಂದು ಕಬ್ಬಿಣ ನೋಡಿದ, ಚೀಲ ನೋಡಿದ, ನರಸಿಂಹಯ್ಯನ ಮುಖ ನೋಡಿದ. ಆಮೇಲೆ ಜೇಬಿಂದ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದ.

"ನರಸಿಂಹಯ್ಯನೋರೆ, ಬಿಸಿಲಿಲ್ಲ ಈಗ. ಪುಣ್ಯವಂತರು ನೀವು. ಕೊಡಿ ಪುಸ್ತಕ. ಈ ಕಬ್ಬಿಣ ವಾಪಸ್ ಬರೋದಾ, ಬರದೇ ಇರೋದಾ?"

"ವಾ... ವಾಪಸ್ ಬರೋದು ಸಾರ್."

ಅಂಬರೀಶ್ ಹಳದಿ ಪುಸ್ತಕದಲ್ಲಿ ಸೈನ್ ಹಾಕಿದ. ನಗು ತಡೆದು ತಡೆದು ಅವನ ಮೀಸೆ ನಡುಗ್ತಿತ್ತು. ಅಲ್ಲಿಗೆ ಎಲ್ಲ ಮುಗೀತು ಅಂತ ನರಸಿಂಹಯ್ಯ ಉಸಿರು ಬಿಡೋ ಹೊತ್ತಿಗೆ ಪದ್ಮಾವತಿ ಸೆರಗು ಸರಿ ಮಾಡ್ಕೊಂಡು ಮುಂದೆ ಬಂದಳು.

"ಸಾರ್, ಒಂದು ಮಾತು. ಈ ಹಳದಿ ಪುಸ್ತಕದಲ್ಲಿ ಬರೆದ ವಸ್ತು ವಾಪಸ್ ಬಂದೇ ಬರ್ತದಾ?"

"ಬರದೆ ಏನಮ್ಮ! ಇಷ್ಟು ವರ್ಷದಲ್ಲಿ ಒಂದೂ ತಪ್ಪಿಲ್ಲ. ನಿಮ್ಮ ಯಜಮಾನರು ಬಿಡ್ತಾರಾ?"

"ಹಂಗಾದ್ರೆ ಇವರನ್ನೂ ಅದ್ರಲ್ಲೇ ಬರೀರಿ ಸಾರ್."

ಪದ್ಮಾವತಿ ಕೈಯಲ್ಲಿದ್ದ ಹಾಳೆಗಳನ್ನು ಎದೆಗೊತ್ತಿ ಹಿಡಿದಳು. ದೇವರಿಗೆ ಹೇಳಿ ಆಗಿತ್ತು, ಡಾಕ್ಟರಿಗೆ ಹೇಳಿ ಆಗಿತ್ತು, ಅವಳಿಗೆ ಯಾವುದರ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ. ಗಂಡನ ಹಳದಿ ಪುಸ್ತಕದ ಮೇಲೆ ಇತ್ತು.

ಅಂಬರೀಶ್ ಪೆನ್ನು ಎತ್ತಿದ. "ಭರಮಪ್ಪ, ಇವರನ್ನ ತಕ್ಕಡಿ ಮೇಲೆ ಹತ್ತಿಸು."

ಕಬ್ಬಿಣ ತೂಗೋ ತಕ್ಕಡಿ ಮೇಲೆ ನರಸಿಂಹಯ್ಯ ಚಪ್ಪಲಿ ಬಿಟ್ಟು ಹತ್ತಿದ. ಅಂಬರೀಶ್ ಗಟ್ಟಿಯಾಗಿ ಓದ್ತಾ ಬರೆದ: "ವಸ್ತು: ಸ್ಟೋರ್ಸ್ ಇನ್‌ಚಾರ್ಜ್, ಒಂದು. ಸ್ಥಿತಿ: ಹಳೆಯದು, ಆದರೆ ಓಡ್ತಿದೆ. ತೂಕ: ಎಪ್ಪತ್ನಾಲ್ಕು ಕೇಜಿ. ಕಾರಣ: ಹಿಮಾಲಯ. ಹಿಂದಿರುಗಿಸತಕ್ಕದ್ದು!" ಆ ಹಳದಿ ಚೀಟಿ ಹರಿದು ಪದ್ಮಾವತಿ ಕೈಗೆ ಕೊಟ್ಟ. "ರಜೆ ಸ್ಯಾಂಕ್ಷನ್."

ಆಗ ಎದ್ದ ನಗೆಗೆ ಗೇಟಿನ ಶೀಟು ಅದುರಿತು.

ತಿಂಗಳ ಕಾಲ ನರಸಿಂಹಯ್ಯ ಕಬ್ಬಿಣ ಹೊತ್ತ, ದಿನಾ ಪಾಸ್ ಮಾಡಿಸಿಕೊಂಡೇ. ಡಾಕ್ಟರು ಸೈನ್ ಹಾಕಿದರು. ಹೋದ. ಮೂರನೇ ದಿನವೇ ಮಂಡಿ ಕೈಕೊಟ್ಟಿತು. ಆದರೂ ಬಿಡದೆ, ಕೋಲಿನ ಮೇಲೆ ನೇತಾಡಿಕೊಂಡು, ಗಂಜಿ ಕುಡ್ಕೊಂಡು, ದೇವರ ಹೆಸರು ಹಿಡ್ಕೊಂಡು ಕೊನೇ ಕಣಿವೆಯನ್ನೂ ದಾಟಿದ. ಹಿಮ ಮೊದಲು ಕಂಡಾಗ ಒಂದು ಮುಷ್ಟಿ ಬಾಯಿಗೆ ಹಾಕ್ಕೊಂಡು, ಯಾರಿಗೂ ಕಾಣದ ಹಾಗೆ ಕಣ್ಣು ಒರೆಸಿಕೊಂಡನಂತೆ. ದಾರಿಯ ಚೆಕ್‌ಪೋಸ್ಟಿನಲ್ಲಿ ಮಾತ್ರ, ಕಾಗದ ಸರಿಯಾಗಿ ನೋಡದೆ ಬಿಟ್ಟ ಸಿಪಾಯಿಯನ್ನು ವಾಪಸ್ ಕರೆದು ಬೈದು ಬಂದ.

ವಾಪಸ್ ಬಂದ ಮಾರನೇ ದಿನ ಮೂಗು ಸುಲಿದುಕೊಂಡು, ಗಡ್ಡ ಬಿಟ್ಕೊಂಡು, ಯುದ್ಧ ಗೆದ್ದ ರಾಜನ ಹಾಗೆ ಕಾರ್ಖಾನೆಗೆ ಹೊರಟ. ಪದ್ಮಾವತಿ ಹಳದಿ ಚೀಟಿ ಹಿಡಿದು ಜೊತೆಗೇ ಬಂದಳು. ಶಿಫ್ಟ್ ಶುರುವಾಗೋ ಹೊತ್ತು, ಗೇಟಲ್ಲಿ ನೂರು ಜನ, ಒಳಗೆ ಯಜಮಾನ. "ಬಂದ್ರು! ಬಂದ್ರು!" ಅಂತ ಚಪ್ಪಾಳೆ. ನರಸಿಂಹಯ್ಯ ಕೈ ಬೀಸ್ತಾ ಒಳಗೆ ಕಾಲಿಡೋಕೆ ಹೋದ.

ಭರಮಪ್ಪನ ಕೈ ಅಡ್ಡ ಬಂತು. ತಕ್ಕಡಿ ತೋರಿಸಿದ.

ನರಸಿಂಹಯ್ಯ ಗೋಡೆ ಮೇಲಿನ ತನ್ನದೇ ಅಕ್ಷರ ನೋಡಿದ, ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದ. ಭರಮಪ್ಪ ಬಗ್ಗಿ ಮುಳ್ಳು ನೋಡಿದ, ಚೀಟಿ ನೋಡಿದ, ತಲೆ ಅಲ್ಲಾಡಿಸಿದ.

"ಆರು ಕೇಜಿ ಕಮ್ಮಿ ಐತ್ರಿ ಸರ. ಒಳಗ ಬಿಡಾಕ ಬರಂಗಿಲ್ಲ."

ಪದ್ಮಾವತಿ ಗಂಡನ ಕೈ ಹಿಡಿದು ತಕ್ಕಡಿಯಿಂದ ಇಳಿಸಿಕೊಂಡಳು. "ಭರಮಪ್ಪ, ಚೀಟಿ ನಿನ್ನ ಹತ್ರಾನೇ ಇರ್ಲಿ. ಮನೆಗೆ ಕರ್ಕೊಂಡು ಹೋಗಿ, ಮುದ್ದೆ ತಿನ್ನಿಸಿ, ತೂಕ ಸರಿ ಮಾಡಿ ಕಳಿಸ್ತೀನಿ. ನಡೀರಿ!"